ಗ್ಯಾಸ್ ಸೆನ್ಸರ್‌ಗೆ ಶಾಖದ ಬದಲು ವೋಲ್ಟೇಜ್ ಕೊಟ್ಟರೆ?

ತೋರಣಗಲ್ಲು, ಗಿಣಿಗೇರಾ ಕಡೆಯ ಉಕ್ಕಿನ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಕಾರ್ಬನ್ ಮಾನಾಕ್ಸೈಡ್ ಹೊಸ ಹೆಸರಲ್ಲ. ಅದಿರು ಕರಗಿಸುವ ಕುಲುಮೆಯಿಂದ ಬರುವ ಬ್ಲಾಸ್ಟ್ ಫರ್ನೇಸ್ ಗ್ಯಾಸಿನಲ್ಲಿ ಸುಮಾರು ಶೇ 20ರಿಂದ 25ರಷ್ಟು ಇದೇ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 1,200 ಭಾಗ ಸೇರಿದರೆ ಜೀವಕ್ಕೇ ಕುತ್ತು. ಅದಕ್ಕೇ ಈ ಗ್ಯಾಸ್ ಪತ್ತೆಹಚ್ಚುವ ಡಿಟೆಕ್ಟರ್ ಒಳಗೆ ಏನು ನಡೆಯುತ್ತದೆ ಅನ್ನೋದು ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ತಿಳಿದಿರಬೇಕು.

ಜೇಬಿಗೆ ಸಿಕ್ಕಿಸಿಕೊಳ್ಳುವ ಡಿಟೆಕ್ಟರ್‌ಗಳಲ್ಲಿ ಹೆಚ್ಚಾಗಿ ಎಲೆಕ್ಟ್ರೋಕೆಮಿಕಲ್ ಸೆಲ್ (ಗ್ಯಾಸಿನ ರಾಸಾಯನಿಕ ಕ್ರಿಯೆಯಿಂದ ಕರೆಂಟ್ ಹುಟ್ಟುವ ಸೆಲ್) ಇರುತ್ತದೆ. ಕಡಿಮೆ ಬೆಲೆಯ ಅಲಾರಂಗಳಲ್ಲಿ ಇರುವುದು ತವರದ ಆಕ್ಸೈಡ್. ನಾನು ಹೇಳಹೊರಟಿರುವುದು ಇದರ ಬಗ್ಗೆ.

ಗಾಳಿಯ ಆಮ್ಲಜನಕ ಈ ಆಕ್ಸೈಡಿನ ಮೈಗೆ ಅಂಟಿಕೊಂಡು, ಒಳಗಿನ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಏರುತ್ತದೆ. ಕಾರ್ಬನ್ ಮಾನಾಕ್ಸೈಡ್ ಬಂದರೆ ಆ ಆಮ್ಲಜನಕವನ್ನು ಸೇರಿಸಿಕೊಂಡು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಎಲೆಕ್ಟ್ರಾನ್ ಆಕ್ಸೈಡಿಗೇ ವಾಪಸ್. ರೆಸಿಸ್ಟೆನ್ಸ್ ಇಳಿಯುತ್ತದೆ, ಅಲಾರಂ ಕೂಗುತ್ತದೆ. ಇಷ್ಟೆಲ್ಲ ಚುರುಕಾಗಿ ನಡೆಯಲು ಸಾಮಾನ್ಯವಾಗಿ 200ರಿಂದ 400 ಡಿಗ್ರಿ ಶಾಖ ಬೇಕು. ಅದಕ್ಕೇ ಒಳಗೊಂದು ಹೀಟರ್. ಹಗಲು ರಾತ್ರಿ ಕರೆಂಟ್ ತಿನ್ನುವುದು ಅದೇ.

ಇಲ್ಲೇ ವಿದ್ಯುತ್ ಕ್ಷೇತ್ರದ ಮಾತು ಬರುತ್ತದೆ. ಅಂಟುವುದೂ ಬಿಡುವುದೂ ಎಲೆಕ್ಟ್ರಾನ್ ಸಿಗುತ್ತದೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ, ಅಲ್ವಾ? ಹಾಗಾದರೆ ಹೊರಗಿನಿಂದ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನ್‌ಗಳನ್ನು ಮೈ ಹತ್ತಿರ ಎಳೆದರೆ ಆಮ್ಲಜನಕ ಜಾಸ್ತಿ ಅಂಟಬೇಕು. ದೂರ ತಳ್ಳಿದರೆ ಕಡಿಮೆಯಾಗಬೇಕು. 2004ರಲ್ಲಿ ತವರದ ಆಕ್ಸೈಡಿನ ಒಂದೇ ಒಂದು ನ್ಯಾನೋ ತಂತಿಯಲ್ಲಿ (ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ತಂತಿ) ಸಂಶೋಧಕರು ಇದನ್ನು ತೋರಿಸಿದರು. ಹೊರಗಿನಿಂದ ಕೊಡುವ ಈ ವೋಲ್ಟೇಜ್ (ಗೇಟ್ ವೋಲ್ಟೇಜ್) ಬದಲಿಸಿದಂತೆ ಆಮ್ಲಜನಕ ಅಂಟುವ ವೇಗವೂ, ಕಾರ್ಬನ್ ಮಾನಾಕ್ಸೈಡ್ ಉರಿಯುವ ವೇಗವೂ ಬದಲಾದವು. ಸತುವಿನ ಆಕ್ಸೈಡಿನ ತಂತಿಯಲ್ಲಂತೂ ಅಂಟಿದ ನೈಟ್ರೋಜನ್ ಡೈಆಕ್ಸೈಡನ್ನು ನೆಗೆಟಿವ್ ವೋಲ್ಟೇಜ್ ಕೊಟ್ಟು, ಬಿಸಿ ಮಾಡದೆಯೇ ಬಿಡಿಸಿದ್ದಾರೆ. ನನಗೆ ಬಹಳ ಭರವಸೆ ಮೂಡಿಸಿದ ಕೆಲಸ ಇದು.

ದಪ್ಪ ಪದರದಲ್ಲಿ ಇದು ಇಷ್ಟು ಚೆನ್ನಾಗಿ ನಡೆಯುವುದಿಲ್ಲ. ಹೊರಗಿನ ಕ್ಷೇತ್ರದ ಪ್ರಭಾವ ಮೈಯಿಂದ ಕೆಲವೇ ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಮೀಟರ್) ಒಳಗೆ ಮುಗಿದುಹೋಗುತ್ತದೆ. ತವರದ ಆಕ್ಸೈಡಿನಲ್ಲಿ ಆ ಆಳ ಸುಮಾರು 3 ನ್ಯಾನೋಮೀಟರ್. ಕಣವೇ 6 ನ್ಯಾನೋಮೀಟರ್ ಇದ್ದರೆ ಎರಡೂ ಬದಿಯಿಂದ ಪೂರ್ತಿ ಕೈಗೆ ಸಿಕ್ಕಂತೆ. ವೋಲ್ಟೇಜ್ ಕೊಡುವ ಅಂತರ ಚಿಕ್ಕದಾದಷ್ಟೂ ಕಡಿಮೆ ವೋಲ್ಟೇಜೂ ಸಾಕು. 10 ನ್ಯಾನೋಮೀಟರಿಗೆ 1 ವೋಲ್ಟ್ ಅಂದರೆ ಮೀಟರಿಗೆ 10 ಕೋಟಿ ವೋಲ್ಟ್ ಲೆಕ್ಕ!

ಆದರೆ ಇದು ಇನ್ನೂ ಶಾಪ್ ಫ್ಲೋರಿಗೆ ಇಳಿಯುವ ಹಂತದಲ್ಲಿಲ್ಲ ಅನ್ನುವುದು ನನ್ನ ಅಂದಾಜು. ಬಿಸಿ ಇಲ್ಲದಿದ್ದರೆ ಮೈಮೇಲೆ ತೇವ ಕೂರುತ್ತದೆ, ರೀಡಿಂಗ್ ಕೆಡುತ್ತದೆ. ನಮ್ಮ ಕಡೆ ಅದರ ಜೊತೆಗೆ ಅದಿರಿನ ಕೆಂಪು ಧೂಳು ಬೇರೆ.

ಹೀಟರ್ ಇರುವ ಈಗಿನ ಡಿಟೆಕ್ಟರ್‌ಗಳಲ್ಲಿ ಹೀಟರ್ ವೋಲ್ಟೇಜನ್ನು ಕಂಪನಿ ಹೇಳಿದಷ್ಟೇ ಇಡಿ. ಅದು ಇಳಿದರೆ ಶಾಖ ಇಳಿಯುತ್ತದೆ, ಗ್ಯಾಸ್ ಅಂಟುವ ಲೆಕ್ಕವೇ ತಪ್ಪುತ್ತದೆ. ಸುಮ್ನೆ ಸಿಗರೇಟ್ ಲೈಟರಿನ ಗ್ಯಾಸ್ ಬಿಟ್ಟು ‘ಕೂಗ್ತು, ಸರಿಯಿದೆ’ ಅನ್ನಬೇಡಿ. ಅದು ಬ್ಯೂಟೇನ್. ಕಾರ್ಬನ್ ಮಾನಾಕ್ಸೈಡಿಗೆ ಎಷ್ಟರಲ್ಲಿ ಕೂಗುತ್ತದೆ ಅಂತ ಗೊತ್ತಾಗಬೇಕಾದರೆ ಅಳತೆ ಮಾಡಿದ ಅದೇ ಗ್ಯಾಸಿನ ಸಿಲಿಂಡರ್ ಬೇಕು.