ಪ್ಲೇಸ್ಕೂಲಿಗೆ ಹಾಕಿಲ್ಲ, ಎರಡು ವರ್ಷದ ಮಗೂಗೆ ಮನೇಲಿ ಏನ್ ಆಡಿಸ್ಲಿ?

ಪ್ರಶ್ನೆ: ಮಗನಿಗೆ ಈಗ 2 ವರ್ಷ 3 ತಿಂಗಳು. ಪ್ಲೇಸ್ಕೂಲಿಗೆ ಇನ್ನೂ ಹಾಕಿಲ್ಲ, ಮನೇಲಿ ನಾನು ನಮ್ಮತ್ತೆ ಇಬ್ರೇ ನೋಡ್ಕೋತೀವಿ. ಆಟದ ಸಾಮಾನು ರಾಶಿ ಬಿದ್ದಿದೆ ಆದ್ರೆ ಯಾವುದ್ರಲ್ಲೂ 5 ನಿಮಿಷ ಕೂರಲ್ಲ, ಆಮೇಲೆ ಮೊಬೈಲ್ ಕೊಡು ಅಂತ ಹಠ. ಪಕ್ಕದ್ಮನೆ ಮಗು ಆಗ್ಲೇ ಎ ಬಿ ಸಿ ಡಿ ಹೇಳುತ್ತೆ. ಏನ್ ಮಾಡಿಸಿದ್ರೆ ಇವನೂ ಕಲೀತಾನೆ?

ಉತ್ತರ: ಮೊದ್ಲು ಆ 5 ನಿಮಿಷದ ಚಿಂತೆ ಬಿಟ್ಬಿಡಿ. ಈ ವಯಸ್ಸಿನ ಮಗು ಒಂದರಲ್ಲಿ ಐದು ನಿಮಿಷ ಕೂತ್ರೆ ಅದು ಸರಿಯಾಗೇ ಇದೆ. ಎ ಬಿ ಸಿ ಡಿ ಕೂಡ ಅಷ್ಟೇ, ಎರಡು ವರ್ಷದ ಮಗು ಅದನ್ನ ಹೇಳೋದು ಹಾಡಿನ ಥರ, ಅಕ್ಷರ ಅಂದ್ರೆ ಏನು ಅಂತ ಅದಕ್ಕಿನ್ನೂ ಗೊತ್ತಾಗಿರಲ್ಲ, ಹಾಗಾಗಿ ನಿಮ್ಮ ಮಗ ಏನೂ ಹಿಂದೆ ಬಿದ್ದಿಲ್ಲ.

ಇನ್ನು ಏನ್ ಮಾಡಿಸ್ಬೇಕು ಅಂದ್ರೆ, ಹೊಸದಾಗಿ ಏನೂ ತರ್ಬೇಡಿ, ನೀವು ದಿನಾ ಮಾಡೋ ಮನೆಗೆಲಸದಲ್ಲೇ ಅವನಿಗೊಂದು ಪಾಲು ಕೊಡಿ. ಮಗೂಗೆ ಆಟದ ಸಾಮಾನಿಗಿಂತ ಅಮ್ಮ ಅಜ್ಜಿ ಕೈಯಲ್ಲಿರೋದೇ ಬೇಕು. ಅದನ್ನ ಕಿತ್ಕೊಂಡು ಪ್ಲಾಸ್ಟಿಕ್ ಕಿಚನ್ ಸೆಟ್ ಕೊಟ್ರೆ ಅದು ಎರಡು ದಿನಕ್ಕೆ ಮೂಲೆ ಸೇರುತ್ತೆ.

ನನ್ನ ಮಗಳಿಗೆ ಎರಡೂವರೆ ವರ್ಷ ಇದ್ದಾಗಿನ ಮಾತು ಹೇಳ್ತೀನಿ. ಅವರೆಕಾಯಿ ಸೀಸನ್ನು, ರಾತ್ರಿ ನೆನೆಸಿಟ್ಟ ಕಾಳು ಹಿತುಕೋಕೆ ನಾನು ಕೆಳಗೆ ಕೂತಿದ್ದೆ, ಇವಳು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ್ಲು. ಮೊದಮೊದಲು ಇಡೀ ಮುಷ್ಟೀಲಿ ಹಿಡ್ಕೊಂಡು ಒತ್ತಿದ್ಲು, ಕಾಳು ಜಾರ್ತಾನೇ ಇತ್ತು. ನಾನು ಏನೂ ಹೇಳ್ಲಿಲ್ಲ, ನನ್ನ ಕೈ ಸ್ವಲ್ಪ ನಿಧಾನ ಮಾಡ್ದೆ ಅಷ್ಟೇ. ಅವಳು ನನ್ನ ಬೆರಳನ್ನೇ ನೋಡಿ ನೋಡಿ, ಹೆಬ್ಬೆರಳು ತೋರ್ಬೆರಳು ಸೇರಿಸಿ ಒತ್ತಿದ್ಲು ನೋಡಿ, ಬೇಳೆ ಪುಳಕ್ ಅಂತ ಸಿಪ್ಪೆಯಿಂದ ಹಾರಿ ತಟ್ಟೆ ದಾಟಿ ಹೋಗಿ ಬಿತ್ತು. ಎದ್ದು ಹೋಗಿ ಎತ್ಕೊಂಡು ಬಂದು ತಟ್ಟೇಲಿ ಹಾಕಿ ಇನ್ನೊಂದು ತಗೊಂಡ್ಲು. ಯಾವ ಆಟಿಕೇಲೂ ಕೂರದ ಮಗು ಅವತ್ತು ಇಪ್ಪತ್ತು ನಿಮಿಷ ಕೂತಿತ್ತು. ಆ ಎರಡು ಬೆರಳಿನ ಹಿಡಿತ ಇದ್ಯಲ್ಲ, ಮುಂದೆ ಬಟನ್ ಹಾಕೋಕೆ, ಪೆನ್ಸಿಲ್ ಹಿಡಿಯೋಕೆ ಬೇಕಾಗೋದು ಅದೇನೇ. ಬೆರಳಿಗೆ ಆ ಶಕ್ತಿ ಬರೋ ಮುಂಚೆ ಪೆನ್ಸಿಲ್ ಕೊಟ್ಟು ಬರಿ ಬರಿ ಅಂದ್ರೆ ಮಗೂಗೆ ಕೈ ನೋವು, ನಿಮಗೆ ಬೇಜಾರು.

ಆದ್ರೆ ಕಾಳಿನ ಹತ್ರ ಮಗೂನ ಒಂಟಿ ಬಿಡ್ಲೇಬೇಡಿ, ಇದನ್ನ ನಾನು ಕಷ್ಟಪಟ್ಟು ಕಲಿತಿದ್ದು. ಇದೇ ಮಗಳು ಒಂದಿನ ನಾನು ತಿರುಗಿ ಒಲೆ ಸಿಮ್ ಮಾಡೋ ಅಷ್ಟರಲ್ಲಿ ಕಡಲೆಕಾಳು ಮೂಗಿಗೆ ಹಾಕ್ಕೊಂಡಿದ್ಲು. ಕಾಳು ಮೂಗಿನ ತೇವಕ್ಕೆ ಉಬ್ಬುತ್ತೆ, ನಾವೇ ಪಿನ್ನು ಬಡ್ಸು ಹಾಕಿ ತೆಗೆಯೋಕೆ ಹೋದ್ರೆ ಇನ್ನೂ ಒಳಗೆ ಹೋಗುತ್ತೆ, ಸೀದಾ ಇಎನ್‌ಟಿ ಡಾಕ್ಟ್ರ ಹತ್ರ ಹೋದ್ವಿ, ಅವರು ತೆಗೆದ್ರು. ಮೂರು ವರ್ಷದ ಒಳಗಿನ ಮಗು ಕೈಗೆ ಸುಮಾರು 3 ಸೆಂಟಿಮೀಟರಿಗಿಂತ ಚಿಕ್ಕದು ಏನೇ ಸಿಕ್ರೂ ಬಾಯಿಗೋ ಮೂಗಿಗೋ ಹೋಗ್ಬಹುದು ಅಂತಾನೇ ಅಂದ್ಕೊಳ್ಳಿ, ಗೋಲಿ, ಬಟನ್ ಸೆಲ್ಲು, ಕಡ್ಲೆಬೀಜ ಎಲ್ಲಾ ಎತ್ತಿಡಿ. ನೀವು ಎದುರಿಗೇ ಕೂತಿರೋ ಹಾಗಿದ್ರೆ ಮಾತ್ರ ಕಾಳು ಕೊಡಿ, ಎದ್ದು ಹೋಗ್ಬೇಕಾದ್ರೆ ತಟ್ಟೆ ಎತ್ಕೊಂಡೇ ಹೋಗಿ.

ಒಂದು ದೊಡ್ಡ ತಟ್ಟೇಲಿ ರಾಗಿ ಹಿಟ್ಟು ತೆಳ್ಳಗೆ ಹರಡಿ ಮುಂದೆ ಇಡಿ, ಬೆರಳಲ್ಲಿ ಗೀಟು ಎಳೀಲಿ, ತಟ್ಟೆ ಅಲ್ಲಾಡಿಸಿದ್ರೆ ಎಲ್ಲಾ ಅಳಿಸಿ ಹೋಗುತ್ತೆ ಮತ್ತೆ ಎಳೀಲಿ. ನಮ್ಮಮ್ಮ ಬಾಗ್ಲಲ್ಲಿ ರಂಗೋಲಿ ಹಾಕುವಾಗ ಮಗೂಗೂ ಒಂದು ಚಿಟಿಕೆ ಪುಡಿ ಕೊಡ್ತಿದ್ರು, ಅದು ಚುಕ್ಕಿ ಇಡೋಕೆ ಹೋಗಿ ಗುಡ್ಡೆ ಹಾಕ್ತಿತ್ತು, ಅಮ್ಮ ಅದನ್ನೇ ಹೂವು ಮಾಡಿಬಿಡೋರು. ಚಪಾತಿ ಹಿಟ್ಟಿನ ಒಂದು ಉಂಡೆ, ಸ್ಟೀಲ್ ಡಬ್ಬಿಗಳು ಮತ್ತೆ ಅದರ ಮುಚ್ಚಳಗಳು, ಒಣಗಿದ ಬಟ್ಟೇಲಿ ಸಾಕ್ಸ್ ಜೋಡಿ ಹುಡುಕೋದು, ಈರುಳ್ಳಿ ಒಂದು ಬುಟ್ಟಿ ಆಲೂಗಡ್ಡೆ ಒಂದು ಬುಟ್ಟಿ ಅಂತ ಬೇರೆ ಮಾಡೋದು, ಇದೆಲ್ಲಾ ಈ ವಯಸ್ಸಿಗೆ ಗಣಿತಾನೇ. ಯಾವ ಮುಚ್ಚಳ ಯಾವ ಡಬ್ಬೀದು ಅಂತ ಮಗು ಹುಡುಕ್ತಾ ಇರುವಾಗ ನೀವು ಹೇಳ್ಕೊಡೋಕೆ ಹೋಗ್ಬೇಡಿ, ಸ್ವಲ್ಪ ತಡ್ಕೊಳ್ಳಿ.

ನೀರು ಬಿಟ್ಟು ಈ ವಯಸ್ಸಿನ ಆಟ ಇಲ್ಲ. ಒಂದು ಅಗಲವಾದ ತಟ್ಟೆ, ಎರಡು ಲೋಟ, ಒಂದು ಚೊಂಬು, ಬಾಲ್ಕನೀಲಿ ಕೂರಿಸಿ ಸುರೀಲಿ. ಒಂದೇ ಮಾತು, ಆಟ ಮುಗಿದ ತಕ್ಷಣ ನೀರು ಚೆಲ್ಲಿ, ಬಕೆಟ್ಟಲ್ಲಿ ನೀರು ತುಂಬಿಟ್ಟು ಬಾತ್ರೂಮ್ ಬಾಗಿಲು ತೆಗೆದಿಡ್ಬೇಡಿ, ಈ ವಯಸ್ಸಿನ ಮಕ್ಕಳಿಗೆ ಕೆಲವೇ ಇಂಚು ನೀರೂ ಸಾಕು ಅಪಾಯಕ್ಕೆ.

ಕೆಲಸ ಮಾಡ್ತಾ ಮಾಡ್ತಾ ಮಾತಾಡಿ. ಇದಕ್ಕೆ ದುಡ್ಡೂ ಬೇಡ ಟೈಮೂ ಬೇಡ, ಆದ್ರೂ ಎಲ್ಲಕ್ಕಿಂತ ಜಾಸ್ತಿ ಕಲಿಸೋದು ಇದೇ. "ಬೇಳೆ ತೊಳೀತಿದೀನಿ, ನೋಡು ನೀರು ಬೆಳ್ಳಗಾಯ್ತು" ಅಂತ ಹೇಳಿ ನಿಲ್ಲಿಸಿ, ಅವನು ಏನೋ ಒಂದು ಶಬ್ದ ಮಾಡೋ ತನಕ ಕಾಯಿರಿ, ಅವನು "ನೀಯು" ಅಂದ್ರೆ "ಹೂಂ ನೀರು, ಬಿಳಿ ನೀರು" ಅಂತ ಇನ್ನೊಂದು ಪದ ಸೇರಿಸಿ ವಾಪಸ್ ಕೊಡಿ. ಮೊಬೈಲಿನ ರೈಮ್ಸ್ ಮಗು ಏನ್ ಅಂದ್ರೂ ತಿರುಗಿ ಉತ್ತರ ಕೊಡಲ್ಲ, ವ್ಯತ್ಯಾಸ ಅಲ್ಲೇ ಇರೋದು. ಕನ್ನಡ ಇಂಗ್ಲಿಷ್ ಎರಡೂ ಕೇಳಿಸ್ಕೊಂಡ್ರೆ ಮಾತು ಲೇಟಾಗುತ್ತೆ ಅಂತ ತುಂಬಾ ಜನ ಹೆದರಿಸ್ತಾರೆ, ಅದಕ್ಕೆ ಆಧಾರ ಇಲ್ಲ. ಅಮೆರಿಕಾದಲ್ಲೋ ದುಬೈನಲ್ಲೋ ಇರೋರೂ ಮನೇಲಿ ಧೈರ್ಯವಾಗಿ ಕನ್ನಡಾನೇ ಮಾತಾಡಿ.

ಮೊಬೈಲ್ ವಿಷ್ಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷ ಆಗೋ ತನಕ ಸ್ಕ್ರೀನ್ ಬೇಡ, ಆಮೇಲೆ ನಾಲ್ಕರ ತನಕ ದಿನಕ್ಕೆ ಹೆಚ್ಚಂದ್ರೆ 1 ಗಂಟೆ, ಕಮ್ಮಿ ಆದಷ್ಟೂ ಒಳ್ಳೇದು. ಅದರ ಜೊತೆಗೇ ದಿನಕ್ಕೆ ಒಟ್ಟು 180 ನಿಮಿಷ ಮೈ ಆಡಿಸ್ಬೇಕು ಅಂತಾನೂ ಇದೆ, ಅದನ್ನ ಯಾರೂ ಹೇಳಲ್ಲ. ಮೂರು ಗಂಟೆ ಅಂದ್ರೆ ಗಾಬರಿ ಬೇಡ, ಮೆಟ್ಲು ಹತ್ತಿ ಇಳಿಯೋದು, ದಿಂಬಿನ ಗುಡ್ಡ ಹತ್ತೋದು, ಬೆಡ್‌ಶೀಟ್ ಕೆಳಗೆ ಕಣ್ಣಾಮುಚ್ಚಾಲೆ ಎಲ್ಲಾ ಸೇರಿ. ಸಾಯಂಕಾಲ ಪಾರ್ಕಿಗೆ ಕರ್ಕೊಂಡ್ಹೋಗಿ ಓಡೋಕೆ ಬಿಟ್ರೆ ಅರ್ಧ ಲೆಕ್ಕ ಅಲ್ಲೇ ಮುಗಿಯುತ್ತೆ. ಹಠ ನಿಲ್ಲೋಕೆ ಒಂದು ವಾರ ಹಿಡೀಬಹುದು, ಆ ಒಂದು ವಾರ ಮನೇಲಿರೋ ದೊಡ್ಡವರೆಲ್ಲಾ ಒಂದೇ ಮಾತಿಗೆ ನಿಲ್ಬೇಕು, ನಿಮ್ಮತ್ತೆ ಹತ್ರ ಮೊದಲೇ ಕೂತು ಮಾತಾಡ್ಕೊಳ್ಳಿ, ಊಟ ಮಾಡಿಸುವಾಗ ಮೊಬೈಲ್ ಬದಲು ಅವರು ಒಂದು ಕಾಗೆ ಗುಬ್ಬಿ ಕಥೆ ಹೇಳಿದ್ರೆ ಇಬ್ಬರಿಗೂ ಖುಷಿ.

ಆ ರಾಶಿ ಆಟಿಕೆ ಬಿಸಾಕ್ಬೇಡಿ, ಮುಕ್ಕಾಲು ಪಾಲು ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿ, ಹೊರಗೆ ನಾಲ್ಕೈದು ಇರ್ಲಿ, ಎರಡು ವಾರಕ್ಕೊಮ್ಮೆ ಬದ್ಲಾಯಿಸಿ. ಕೊಳ್ಳೋದೇ ಆದ್ರೆ ಚನ್ನಪಟ್ಟಣದ ಮರದ ಆಟಿಕೆ ಒಂದೆರಡು ತಗೊಳ್ಳಿ, ಆಲೆಮರದಲ್ಲಿ ಮಾಡಿ ಅರಗಿನ ಬಣ್ಣ ಹಾಕಿರ್ತಾರೆ, ಚೂಪು ಅಂಚು ಇರಲ್ಲ. ರಿಂಗು ಮಣಿ ಸೈಜ್ ನೋಡ್ಕೊಂಡು ತಗೊಳ್ಳಿ.

ಇನ್ನೊಂದು ಮುಖ್ಯ ವಿಷ್ಯ, ನಿಮ್ಮ ಮಗ ಎರಡು ಪದ ಸೇರಿಸಿ ಮಾತಾಡ್ತಾನಾ ಅಂತ ನೀವು ಬರ್ದಿಲ್ಲ. "ಅಮ್ಮ ಬಾ", "ಹಾಲು ಬೇಕು", ಈ ಥರ ಎರಡು ವರ್ಷಕ್ಕೆ ಬರ್ಬೇಕು. ಬಂದಿಲ್ಲ ಅಂದ್ರೆ, ಇಲ್ಲಾ ಹೆಸರು ಕರೆದ್ರೆ ತಿರುಗಲ್ಲ, ಬೆರಳು ತೋರ್ಸಿ ಏನೂ ಕೇಳಲ್ಲ, ಮೊದ್ಲು ಬರ್ತಿದ್ದ ಮಾತು ನಿಂತು ಹೋಗಿದೆ ಅಂತಿದ್ರೆ "ಗಂಡು ಮಕ್ಳು ಲೇಟು, ಅವರಪ್ಪಾನೂ ಲೇಟೇ" ಅನ್ನೋ ಮಾತು ಕೇಳ್ಕೊಂಡು ಕಾಯ್ಬೇಡಿ. ಮಕ್ಕಳ ಡಾಕ್ಟ್ರಿಗೆ ತೋರಿಸಿ, ಮೊದ್ಲು ಕಿವಿ ಟೆಸ್ಟ್ ಮಾಡಿಸಿ.