ಸೋಲಬೇಕಿದ್ದ ಊಟದ ಗುಂಪು: ಹಿರಿಯರ ಸೌಮ್ಯ ಖಿನ್ನತೆಯ ಬಗ್ಗೆ ಟಿಪ್ಪಣಿ

ಹಿರಿಯರ ಊಟ, ಕರುಳು, ಸೌಮ್ಯ ಖಿನ್ನತೆ, ಇವುಗಳ ನಂಟಿನ ಪಾಠವನ್ನು ಕರುಳಿನ ಸೂಕ್ಷ್ಮಜೀವಿಗಳಿಂದ ಶುರು ಮಾಡಿದರೆ ತಲೆ ಕೆಡುತ್ತದೆ. ನಾನು ಪಿಟ್ಸ್‌ಬರ್ಗ್‌ನಿಂದ ಶುರು ಮಾಡಿದೆ, ನೀವೂ ಹಾಗೇ ಮಾಡಿ.

ಅಮೆರಿಕದ ಆ ಊರಲ್ಲಿ 50 ದಾಟಿದ 247 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಫಲಿತಾಂಶ ಬಂದದ್ದು 2014ರಲ್ಲಿ. ಯಾರಿಗೂ ಪೂರ್ತಿ ಖಿನ್ನತೆ ಇರಲಿಲ್ಲ. ಬೇಜಾರು, ಯಾವುದಕ್ಕೂ ಮನಸ್ಸಿಲ್ಲದಿರುವುದು, ಹೀಗೆ ಅಂಚಿನಲ್ಲಿದ್ದವರು. ಒಂದು ಗುಂಪಿಗೆ ತಮ್ಮ ಸಮಸ್ಯೆಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವುದನ್ನು ಕಲಿಸಿದರು. ಇನ್ನೊಂದು ಗುಂಪಿಗೆ ಊಟದ ತರಬೇತಿ ಕೊಟ್ಟರು: ಏನು ತಿನ್ನುತ್ತೀರಿ, ಈ ವಾರ ಏನು ಅಡುಗೆ, ಕೈಯಲ್ಲಿರುವ ದುಡ್ಡಲ್ಲಿ ಏನು ಸಾಮಾನು ತರಬಹುದು. ಈ ಎರಡನೇ ಗುಂಪನ್ನು ಇಟ್ಟದ್ದು ಹೋಲಿಕೆಗೆ ಮಾತ್ರ. ಅದು ಹಿಂದೆ ಬೀಳಬೇಕಿತ್ತು.

ಬೀಳಲಿಲ್ಲ. ಎರಡೂ ಗುಂಪು ಹೆಚ್ಚುಕಡಿಮೆ ಸಮಸಮ ಬಂದವು. ಎರಡು ವರ್ಷದಲ್ಲಿ ತೀವ್ರ ಖಿನ್ನತೆಗೆ ಜಾರಿದ್ದು ನೂರಕ್ಕೆ 8-9 ಜನ. ಇಂಥವರಿಗೆ ವಿಶೇಷ ಆರೈಕೆ ಇಲ್ಲದಿದ್ದರೆ ಒಂದೇ ವರ್ಷದಲ್ಲಿ ನೂರಕ್ಕೆ 20-25 ಜನ ಜಾರುತ್ತಾರೆ ಎಂದು ಹಿಂದಿನ ಲೆಕ್ಕಗಳು ಹೇಳುತ್ತಿದ್ದವು.

ಹಾಗಂತ ‘ಆಹಾರದಿಂದ ಖಿನ್ನತೆ ತಡೆಯಬಹುದೆಂದು ಸಾಬೀತಾಗಿದೆ’ ಅಂತ ಪರೀಕ್ಷೆಯಲ್ಲಿ ಬರೆಯಬೇಡಿ. ಏನೂ ಕೊಡದ ಮೂರನೇ ಗುಂಪು ಅಲ್ಲಿರಲಿಲ್ಲ. ಕೆಲಸ ಮಾಡಿದ್ದು ತಟ್ಟೆಯ ತರಕಾರಿಯೋ, ಎದುರು ಕೂತು ‘ಈ ವಾರ ಏನು ಮಾಡ್ಕೊಂಡ್ರಿ?’ ಅಂತ ಕೇಳಿದ ಮನುಷ್ಯನೋ? ಬೇರ್ಪಡಿಸಲು ಆಗುವುದಿಲ್ಲ. ನನ್ನ ಮಟ್ಟಿಗೆ ಎರಡೂ.

ಈಗ ಹೊಟ್ಟೆಗೆ ಬರೋಣ. ಒಂದು ಬಲೆ ಇದೆ, ನಾನೂ ಬಿದ್ದಿದ್ದೆ. ‘ಖುಷಿಯ ರಾಸಾಯನಿಕ’ ಅಂತ ಜನ ಕರೆಯುವ ಸೆರೊಟೋನಿನ್‌ನಲ್ಲಿ ನೂರಕ್ಕೆ ಸುಮಾರು 90 ಭಾಗ ಕರುಳಲ್ಲೇ ತಯಾರಾಗುತ್ತದೆ. ಇದು ನಿಜ. ಆದರೆ ಅದು ರಕ್ತದಿಂದ ಮಿದುಳಿನೊಳಗೆ ದಾಟುವುದಿಲ್ಲ. ಮಿದುಳು ತನ್ನದನ್ನು ತಾನೇ ಮಾಡಿಕೊಳ್ಳಬೇಕು. ಹಾಗಾಗಿ ‘ಕರುಳು ಖುಷಿಯ ರಾಸಾಯನಿಕ ಕಳಿಸುತ್ತದೆ’ ಅನ್ನುವುದು ತಪ್ಪು. ಕರುಳಿನ ಸುದ್ದಿ ಮಿದುಳಿಗೆ ಹೋಗಲು ಬೇರೆ ದಾರಿಗಳಿವೆ. ಒಂದು, ಹೊಟ್ಟೆಯನ್ನೂ ಮಿದುಳನ್ನೂ ಜೋಡಿಸುವ ವೇಗಸ್ ನರ. ಇನ್ನೊಂದು ರೋಗನಿರೋಧಕ ವ್ಯವಸ್ಥೆ. ನಾವು ಅರಗಿಸಲಾಗದ ನಾರನ್ನು ಸೂಕ್ಷ್ಮಜೀವಿಗಳು ಹುದುಗಿಸಿ ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಊಟ. ಅದು ಉರಿಯೂತವನ್ನೂ ತಗ್ಗಿಸುತ್ತದೆ.

ವಯಸ್ಸಾದವರಲ್ಲಿ ಇದು ಹೇಗೆ ಕೆಡುತ್ತದೆ ಅನ್ನುವುದಕ್ಕೆ ಐರ್ಲೆಂಡಿನ ಕಾರ್ಕ್‌ನಲ್ಲಿ 178 ಹಿರಿಯರ ಮೇಲೆ ನಡೆದ ಅಧ್ಯಯನ ನೋಡಿ. ಪ್ರಕಟವಾದದ್ದು 2012ರಲ್ಲಿ. ತಮ್ಮ ಮನೆಯಲ್ಲೇ ಇದ್ದವರ ಕರುಳಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಜಾಸ್ತಿ. ಬಹುಕಾಲ ಆರೈಕೆ ಕೇಂದ್ರದಲ್ಲಿದ್ದವರಲ್ಲಿ ಕಡಿಮೆ, ನಿಶ್ಶಕ್ತಿಯೂ ಜಾಸ್ತಿ. ಮೊದಲು ಬದಲಾಗಿದ್ದು ಊಟ, ಸೂಕ್ಷ್ಮಜೀವಿಗಳು ಆಮೇಲೆ.

ಆದರೆ ಖಿನ್ನತೆಯಲ್ಲಿ ಕಾರಣದ ಬಾಣ ಎರಡೂ ಕಡೆ ತಿರುಗುತ್ತದೆ. ಬೇಜಾರಾದರೆ ಹಸಿವು ಹೋಗುತ್ತದೆ. ಒಬ್ಬರೇ ಇದ್ದರೆ ‘ಒಂದು ಹೊಟ್ಟೆಗೆ ಏನು ಒಲೆ ಹಚ್ಚೋದು’ ಅನ್ನಿಸುತ್ತದೆ, ಅಲ್ವಾ? ಹಲ್ಲಿಲ್ಲದೆ ಸೊಪ್ಪು, ಕಾಳು ಬಿಟ್ಟು ಮೆತ್ತಗಿನ ಅನ್ನಕ್ಕೆ ಇಳಿಯುತ್ತಾರೆ. ರಾತ್ರಿ ಏಳಬೇಕಾಗುತ್ತದೆಂದು ನೀರು ಕುಡಿಯುವುದಿಲ್ಲ. ಮಲಬದ್ಧತೆ ಬರುತ್ತದೆ. ಹೊಟ್ಟೆ ಭಾರ, ಊಟ ಇನ್ನೂ ಕಡಿಮೆ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಯೂ, ಕಬ್ಬಿಣದ ಮಾತ್ರೆಯೂ ಮಲ ಕಟ್ಟುತ್ತವೆ.

ಇಲ್ಲೊಂದು ವಿಚಿತ್ರ. ಹಿರಿಯರ ಖಿನ್ನತೆ ಅಳೆಯುವ ಜಿಡಿಎಸ್ ಪ್ರಶ್ನಾವಳಿಯ 15 ಪ್ರಶ್ನೆಗಳಲ್ಲಿ ಹಸಿವಿನ ಮಾತೇ ಇಲ್ಲ, ನಿದ್ದೆಯದೂ ಇಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ವಯಸ್ಸಾದ ಮೇಲೆ ಹಸಿವು, ನಿದ್ದೆ ಬೇರೆ ಕಾಯಿಲೆಗೂ ಕೆಡುತ್ತವೆ ತಾನೇ. ಹಾಗಾಗಿ ಊಟದ ವಿಷಯ ಬೇರೆಯಾಗಿಯೇ ಕೇಳಬೇಕು.

ಬಿ12 ಬಿಡಬೇಡಿ. ಅದು ಕಡಿಮೆಯಾದರೆ ಸುಸ್ತು, ಮರೆವು, ಮಂಕು, ನೋಡಲು ಖಿನ್ನತೆಯಂತೆಯೇ. ಧಾನ್ಯ, ತರಕಾರಿಯಲ್ಲಿ ಅದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್ ಮಾತ್ರೆ, ಇವುಗಳಲ್ಲಿ ಯಾವುದನ್ನಾದರೂ ವರ್ಷಗಟ್ಟಲೆ ನುಂಗಿದವರಲ್ಲಿ ಇದರ ಕೊರತೆ ಹುಡುಕಬೇಕು. ಥೈರಾಯ್ಡ್ ಪರೀಕ್ಷೆಯೂ ಜೊತೆಗೆ.

ಕೊರತೆ ಇದೆಯೋ ಇಲ್ಲವೋ ನೋಡದೆ ಪೋಷಕಾಂಶದ ಮಾತ್ರೆ ಕೊಟ್ಟರೆ ಖಿನ್ನತೆ ತಡೆಯಬಹುದಾ? 2019ರಲ್ಲಿ ಯುರೋಪಿನ ಮೂಡ್‌ಫುಡ್ ಪ್ರಯೋಗ 1025 ಜನರಲ್ಲಿ ಇದನ್ನು ನೋಡಿತು. ತೂಕ ಹೆಚ್ಚಿದ್ದ, ಸ್ವಲ್ಪ ಖಿನ್ನತೆಯ ಲಕ್ಷಣವಿದ್ದ ವಯಸ್ಕರು. ಒಂದು ವರ್ಷ ಪೋಷಕಾಂಶದ ಮಾತ್ರೆ ಕೊಟ್ಟರೂ ಖಿನ್ನತೆ ತಡೆಯಲು ಆಗಲಿಲ್ಲ.

ತಟ್ಟೆಯ ವಿಚಾರ ಚಿಕ್ಕದು. ಚೆನ್ನಾಗಿ ಬೇಯಿಸಿದ ಹೆಸರುಕಾಳು, ರಾಗಿ ಅಂಬಲಿ, ಮಸೆದ ಸೊಪ್ಪು, ಮಜ್ಜಿಗೆ. ನಾರನ್ನು ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ನೀರಿನ ಜೊತೆ ನಿಧಾನಕ್ಕೆ ಏರಿಸಿ. ಕಿಡ್ನಿ ತೊಂದರೆ ಇರುವವರಿಗೂ, ರಕ್ತ ತೆಳುಮಾಡುವ ವಾರ್ಫರಿನ್ ತಗೊಳ್ಳುವವರಿಗೂ ಡಾಕ್ಟರನ್ನು ಕೇಳದೆ ಊಟ ಬದಲಿಸಬೇಡಿ. ಬದುಕೇ ಬೇಡ ಅನ್ನುವ ಮಾತು ಬಂದರೆ ಅಂಬಲಿಯ ಮಾತು ಆಮೇಲೆ, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಟೆಲಿ ಮಾನಸ್ ಸಹಾಯವಾಣಿ 14416.

ಕೇಳುವ ಅಭ್ಯಾಸವನ್ನು ನಾನು ನಮ್ಮ ಅಜ್ಜಿಯ ಮೇಲೆ ಮಾಡಿದೆ. ‘ಊಟ ಸರಿಯಾಗಿ ಮಾಡ್ತೀರಾ?’ ಅಂದರೆ ‘ಎಲ್ಲಾ ತಿಂತೀನಿ ಕಣೇ’ ಅಂದರು. ಅಲ್ಲಿಗೆ ಮುಗೀತು. ಮಾರನೇ ದಿನ ಬೇರೆ ಥರ ಕೇಳಿದೆ: ‘ನಿನ್ನೆ ಎದ್ದ ಮೇಲೆ ಮೊದಲು ಏನು ಬಾಯಿಗೆ ಹಾಕಿದ್ರಿ?’ ಕಾಫಿ, ರಸ್ಕು. ಮಧ್ಯಾಹ್ನ ಅನ್ನ, ತಿಳಿಸಾರು. ರಾತ್ರಿ ಅದೇ ಅನ್ನ, ಮಜ್ಜಿಗೆ. ಮೊನ್ನೆ? ಅದೇ. ‘ಪಲ್ಯ ಯಾಕೆ ಮಾಡಲ್ಲ?’ ಅಂದೆ. ‘ತಾತ ಇದ್ದಾಗ ಮಾಡ್ತಿದ್ದೆ’ ಅಂದರು.