ನಕ್ಷೆಯಲ್ಲಿ ಒಂದು ಮೀಟರು, ಸೈಟಿನಲ್ಲಿ ಎರಡೂವರೆ ಅಡಿ

ಮನೆ ಕಟ್ಟಲು ಮಹಾನಗರ ಪಾಲಿಕೆಯ ಲೈಸೆನ್ಸ್ ಕೈಗೆ ಬಂದದ್ದೇ ತಡ, ನಮ್ಮ ದಾವಣಗೆರೆಯಲ್ಲಿ ಬಹಳ ಜನ ಪ್ಲಾನನ್ನು ಮಡಚಿ ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಆಮೇಲೆ ಸೈಟಿನಲ್ಲಿ ನಡೆಯುವುದು ಮೇಸ್ತ್ರಿಯ ಟೇಪು, ವಾಸ್ತು ಹೇಳುವವರ ಮಾತು. ಕ್ರಯಪತ್ರ, ಇ-ಖಾತಾ, ಇಸಿ (ಋಣಭಾರ ಪತ್ರ), ಈ ಸಾಲಿನ ಕಂದಾಯದ ರಸೀದಿ, ನಗರಾಭಿವೃದ್ಧಿ ಪ್ರಾಧಿಕಾರ (ದೂಡಾ) ಒಪ್ಪಿದ ಲೇಔಟ್ ನಕ್ಷೆ ಇವನ್ನೆಲ್ಲ ಜನ ಜತನದಿಂದ ಜೋಡಿಸಿಕೊಂಡೇ ಬರುತ್ತಾರೆ. ಕ್ರಯಪತ್ರದ ಅಳತೆ, ಚೆಕ್ಕುಬಂದಿ ಖಾತೆಗೆ ತಾಳೆಯಾಗದಿದ್ದರೆ ಅರ್ಜಿ ಹಾಕುವ ಮೊದಲೇ ತಿದ್ದಿಸಿಕೊಳ್ಳಿ ಅನ್ನುವುದು ಬಿಟ್ಟರೆ ಕಾಗದಪತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಷ್ಟು ಹೇಳಿದರೂ ತಲೆಗೆ ಹೋಗದಿರುವುದು ಸೈಟಿನ ಗಡಿಗೂ ಮನೆಗೂ ನಡುವೆ ಖಾಲಿ ಬಿಡಬೇಕಾದ ಜಾಗ, ಅಂದರೆ ಸೆಟ್‌ಬ್ಯಾಕ್.

ಸೆಟ್‌ಬ್ಯಾಕ್ ಎಷ್ಟು ಬಿಡಬೇಕು ಅನ್ನುವುದು ಸೈಟಿನ ಅಗಲ, ಉದ್ದ, ಮನೆಯ ಎತ್ತರ ನೋಡಿ ನಿಗದಿಯಾಗುತ್ತದೆ. ಹಾಗಾಗಿ ಪಕ್ಕದ ಮನೆಯವರು ಬಿಟ್ಟದ್ದೇ ನಿಮಗೂ ಅಂತ ತಿಳಿಯಬೇಡಿ. ಲೆಕ್ಕಕ್ಕೆ ಸುಲಭವಾಗಲೆಂದು ನಾಲ್ಕೂ ಕಡೆ ಒಂದು ಮೀಟರ್ ಅಂದುಕೊಳ್ಳೋಣ. ಮೂವತ್ತು ನಲವತ್ತರ ಸೈಟು 1200 ಚದರಡಿ, ಅಂದರೆ ಹನ್ನೆರಡು ಚದರ (ನೂರು ಚದರಡಿಗೆ ಒಂದು ಚದರ). ಸುತ್ತ ಒಂದು ಮೀಟರ್ ಬಿಟ್ಟರೆ ಒಂದು ಅಂತಸ್ತಿಗೆ ಉಳಿಯುವುದು ಸುಮಾರು 780 ಚದರಡಿ. "ಹನ್ನೆರಡು ಚದರದ ಜಾಗದಲ್ಲಿ ಎಂಟು ಚದರವೂ ಬರಲ್ವಾ ಸರ್?" ಅಂತ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಜೀವಮಾನದ ಉಳಿತಾಯ ಹಾಕಿ ಸೈಟು ತೆಗೆದವರಿಗೆ ಆ ಸಂಕಟ ಸಹಜ. ಅಲ್ಲಿಂದಲೇ ಲೈಸೆನ್ಸಿಗೊಂದು ಪ್ಲಾನು, ಕಟ್ಟೋಕೊಂದು ಪ್ಲಾನು ಶುರುವಾಗುತ್ತದೆ.

ಬೇಕಂತಲೇ ಮೀರುವವರ ಮಾತು ಬೇರೆ. ನಿಯಮದಂತೆಯೇ ಕಟ್ಟುತ್ತೇನೆ ಅನ್ನುವವರ ಸೈಟಿನಲ್ಲೂ ಜಾಗ ಕಡಿಮೆಯಾಗುತ್ತದೆ. ಒಂದು ಮೀಟರ್ ಅಂದರೆ ಮೂರಡಿ ಮೂರೂಕಾಲು ಇಂಚಿಗಿಂತ ತುಸು ಹೆಚ್ಚು. ಮೇಸ್ತ್ರಿ ಅದನ್ನು ಮೂರಡಿ ಅಂತ ಹಿಡಿಯುತ್ತಾನೆ. ಅಲ್ಲಿಗೆ ಮೂರಿಂಚು ಹೋಯಿತು. ಆ ಮೂರಡಿಗೆ ದಾರ ಕಟ್ಟಿ ಸುಣ್ಣದ ಗೆರೆ ಹಾಕುವುದು ಸೆಂಟರ್ ಲೈನಿಗೆ, ಅಂದರೆ ಗೋಡೆಯ ದಪ್ಪದ ನಡುಗೆರೆಗೆ. ಒಂಬತ್ತಿಂಚು ಗೋಡೆಯ ಹೊರಮೈ ಆ ಗೆರೆಯಿಂದ ನಾಲ್ಕೂವರೆ ಇಂಚು ಆಚೆ ಬರುತ್ತದೆ. ಮೇಲೆ ಮುಕ್ಕಾಲು ಇಂಚು ಗಿಲಾವು. ಕೊನೆಗೆ ಉಳಿಯುವುದು ಎರಡಡಿ ಆರೂಮುಕ್ಕಾಲು ಇಂಚು. ಯಾರೂ ಮೋಸ ಮಾಡಿಲ್ಲ, ಆದರೂ ಎಂಟೂವರೆ ಇಂಚು ಕೊರತೆ. ಸೆಟ್‌ಬ್ಯಾಕ್ ಅಳೆಯುವುದು ಸೈಟಿನ ಗಡಿಯಿಂದ ಗೋಡೆಯ ಹೊರಮೈಗೆ. ಆದ್ದರಿಂದ ಸೆಂಟರ್ ಲೈನ್ ದಾರವನ್ನು ಗಡಿಯಿಂದ ಮೂರಡಿ ಒಂಬತ್ತಿಂಚಿಗೆ ಕಟ್ಟಿಸಿ. ಗಡಿ ಅಂದರೆ ಲೇಔಟಿನ ಮೂಲೆಕಲ್ಲು. ಪಕ್ಕದವರು ಹಾಕಿಕೊಂಡ ಕಾಂಪೌಂಡ್ ಗಡಿಯಲ್ಲ, ಅದೇ ಅರ್ಧ ಅಡಿ ಒಳಗೆ ಬಂದಿರಬಹುದು.

ದಾರ ಕಟ್ಟುವ ಮುಂಚೆ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಮೂವತ್ತು ನಲವತ್ತರ ಸೈಟಿಗೆ ಎರಡೂ ಕರ್ಣ ಸರಿಯಾಗಿ ಐವತ್ತಡಿ ಬರಬೇಕು. ಒಂದು ಐವತ್ತೂಕಾಲು, ಇನ್ನೊಂದು ಐವತ್ತಕ್ಕೆ ಮೂರಿಂಚು ಕಡಿಮೆ ಬಂದರೆ ಸೈಟು ಓರೆಯಾಗಿದೆ. ಓರೆ ಸೈಟಿನಲ್ಲಿ ಮೂಲೆಮಟ್ಟ ಹಿಡಿದು ನೇರ ಮನೆ ಕಟ್ಟಿದರೆ ಮುಂದೆ ಸರಿಯಿದ್ದ ಅಂತರ ಹಿಂದೆ ಹೋಗುತ್ತಾ ಸಣ್ಣದಾಗುತ್ತದೆ. ಆನ್‌ಲೈನಿನಲ್ಲಿ ಏರಿಸಿದ ನಕ್ಷೆ ಪಾಸಾಗಿದೆ ಅಂದಮಾತ್ರಕ್ಕೆ ಇದು ಗೊತ್ತಾಗುವುದಿಲ್ಲ, ತಂತ್ರಾಂಶ ಪರೀಕ್ಷಿಸುವುದು ನಾವು ಎಳೆದ ಗೆರೆಗಳನ್ನಷ್ಟೇ.

ಇನ್ನು ಹೊರಗಿನ ಮೆಟ್ಟಿಲು. ಮೇಲಿನ ಮನೆ ಬಾಡಿಗೆಗೆ ಕೊಡೋಣ ಅಂತ ಕಟ್ಟುವಾಗ ಪಕ್ಕದ ಸೆಟ್‌ಬ್ಯಾಕಿನಲ್ಲಿ ಮೂರಡಿ ಮೆಟ್ಟಿಲು ಏರಿಸುತ್ತಾರೆ, ಅದರ ಕೆಳಗೊಂದು ಟಾಯ್ಲೆಟ್ಟು. ಆ ಬದಿಯ ಗಾಳಿ, ಬೆಳಕು ಅಲ್ಲಿಗೆ ಮುಗಿಯಿತು. ಮೆಟ್ಟಿಲು ಬೇಕಿದ್ದರೆ ಮೊದಲೇ ಹೇಳಿ, ಮನೆಯ ಅಳತೆಯೊಳಗೇ ಕೂರಿಸಬಹುದು.

ಸೆಟ್‌ಬ್ಯಾಕ್ ಬರೀ ಪಾಲಿಕೆಯ ತಕರಾರು ಅಂದುಕೊಂಡವರು ಪಾಯ ನೋಡಬೇಕು. ನಮ್ಮೂರಿನ ಎಷ್ಟೋ ಕಡೆ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಐದಡಿ ಚೌಕದ ಫೂಟಿಂಗ್ (ಕಾಲಮ್ಮಿನ ಅಡಿಯ ಕಾಂಕ್ರೀಟ್ ಪಾದ) ನಡುವೆ ಕಾಲಂ ನಿಲ್ಲಬೇಕಾದರೆ ಕಾಲಮ್ಮಿನ ಮಧ್ಯದಿಂದ ಆಚೆಗೆ ಎರಡೂವರೆ ಅಡಿ ಜಾಗ ಬೇಕು. ಗೋಡೆ ಗಡಿಗೇ ತಾಗಿದರೆ ಫೂಟಿಂಗ್ ಪಕ್ಕದವರ ಜಾಗಕ್ಕೆ ಹೋಗುತ್ತದೆ, ಇಲ್ಲವೇ ಒಂದು ಬದಿ ಕತ್ತರಿಸುತ್ತಾರೆ. ಹಾಗೆ ಕತ್ತರಿಸಿದರೆ ಭಾರ ಒಂದೇ ಕಡೆ ವಾಲುತ್ತದೆ. ಅದನ್ನು ತಡೆಯಲು ಒಳಗಿನ ಫೂಟಿಂಗಿಗೆ ಸ್ಟ್ರ್ಯಾಪ್ ಬೀಮ್ (ಎರಡು ಫೂಟಿಂಗುಗಳನ್ನು ಬೆಸೆಯುವ ತೊಲೆ) ಕಟ್ಟಬೇಕು. ಎಂಜಿನಿಯರ್ ವಿನ್ಯಾಸವಿಲ್ಲದೆ ಮೇಸ್ತ್ರಿಯ ಅಂದಾಜಿನ ಮೇಲೆ ಅದನ್ನು ಮಾಡಲೇಬೇಡಿ.

"ಆಮೇಲೆ ಸಕ್ರಮ ಮಾಡ್ತಾರಂತೆ" ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ನಿಯಮ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಸರ್ಕಾರದ ಅಕ್ರಮ ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತ್ತು. 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ, ಪೂರ್ಣತಾ ಅಥವಾ ವಾಸಯೋಗ್ಯ ಪ್ರಮಾಣಪತ್ರ ತೋರಿಸಿದ ಮೇಲಷ್ಟೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಅಂದಿತು. ಸಣ್ಣ ಮನೆಗಳಿಗೆ ಸರ್ಕಾರದ ವಿನಾಯಿತಿಗಳು ಆಗಾಗ ಬದಲಾಗುತ್ತವೆ, ನಿಮ್ಮ ಸೈಟಿಗೆ ಏನು ಅನ್ವಯ ಅನ್ನುವುದನ್ನು ಬೆಸ್ಕಾಂ ಉಪವಿಭಾಗದಲ್ಲಿ ಕೇಳಿಯೇ ಮುಂದುವರಿಯಿರಿ.

ಫೂಟಿಂಗಿಗೆ ಗುಂಡಿ ತೋಡುವ ಮೊದಲು ಪ್ಲಾನು ಬೀರುವಿನಿಂದ ಹೊರಗೆ ಬರಲಿ. ಎಂಜಿನಿಯರ್ ಎದುರಲ್ಲೇ ನಾಲ್ಕೂ ಕಡೆ ಅಳೆದು, ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆದಿಡಿ. ಗೋಡೆಯ ಬುಡದ ಪ್ಲಿಂತ್ ಬೀಮಿಗೆ ಕಾಂಕ್ರೀಟ್ ಹಾಕುವ ಮೊದಲು ಮತ್ತೊಮ್ಮೆ ಅಳೆಯಿರಿ. ಅಲ್ಲಿಯವರೆಗೆ ತಪ್ಪು ತಿದ್ದುವುದು ಅಗ್ಗ, ಗೋಡೆ ಎದ್ದ ಮೇಲೆ ಒಡೆಯಬೇಕಾಗುತ್ತದೆ. ಒಳಗಿನ ಕೋಣೆ, ಬಾಗಿಲು ಬದಲಿಸುವ ಮನಸ್ಸಾದರೂ ಎಂಜಿನಿಯರಿಗೆ ಮೊದಲೇ ತಿಳಿಸಿ, ಕೆಲವಕ್ಕೆ ಪರಿಷ್ಕೃತ ನಕ್ಷೆ ಬೇಕಾಗುತ್ತದೆ. ಮನೆ ಮುಗಿದ ಒಂದು ತಿಂಗಳೊಳಗೆ ಪಾಲಿಕೆಗೆ ಲಿಖಿತವಾಗಿ ತಿಳಿಸಬೇಕೆಂದು 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 310ನೇ ಕಲಂ ಹೇಳುತ್ತದೆ. ಗೃಹಪ್ರವೇಶದ ಗಡಿಬಿಡಿಯಲ್ಲಿ ಅದನ್ನು ಮರೆಯುವವರೇ ಹೆಚ್ಚು, ಆ ಅರ್ಜಿಯನ್ನೂ ಎಂಜಿನಿಯರ್ ಕೈಯಲ್ಲಿ ಮೊದಲೇ ಬರೆಸಿಟ್ಟುಕೊಳ್ಳಿ.